ವಿಮಾನಕ್ಕೆ ರಿವರ್ಸ್ ಗೇರು ಉಂಟೇ?

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಶನಿವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಹೇಳುವಾಗ ಬಾಯಿಗೆ ಬಾರದ ಕೆಲವು ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಒಳಗೆ ಬರುವಾಗ ಬಾಗಿಲ ಬಳಿ ಹಸಿರು ಬಣ್ಣದ ಹಳೆಯ ಚೇತಕ್ ಸ್ಕೂಟರ್ ಒಂದು ನಿಂತಿರುವುದನ್ನು ಕಂಡೆ. ಯಾರದು? ಹಿಂದಿನ ಸಾಲಿನಲ್ಲಿ ಕೈ ಎತ್ತಿದ ಹಿರಿಯರದೇ? ನಮಸ್ಕಾರ ಸ್ವಾಮಿ. ಇಷ್ಟು ವರ್ಷ ಸಂತೆಗೆ ಹೋಗಿ ಸೊಪ್ಪು ತರಲು ತಾವು ಓಡಿಸಿದ್ದು ಅರ್ಧ ವಿಮಾನವನ್ನು. ನಗಬೇಡಿ, ಹೇಗೆಂದು ಹೇಳುತ್ತೇನೆ.

ಇಟಲಿಯ ಪಿಯಾಜಿಯೊ ಕಂಪನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬರ್ ವಿಮಾನಗಳನ್ನು ಮಾಡುತ್ತಿತ್ತು. ಪೊಂಟೆಡೆರಾ ಎಂಬ ಊರಿನಲ್ಲಿದ್ದ ಅದರ ಕಾರ್ಖಾನೆಯ ಮೇಲೆ ಎದುರು ಪಕ್ಷದವರ ಬಾಂಬು ಬಿದ್ದು ಎಲ್ಲ ಹಾಳಾಯಿತು. ಯುದ್ಧ ಮುಗಿದಾಗ ವಿಮಾನ ಕೊಳ್ಳುವವರು ಯಾರೂ ಇಲ್ಲ, ರಸ್ತೆಯ ತುಂಬ ಗುಂಡಿಗಳು, ಕಾರು ಕೊಳ್ಳುವಷ್ಟು ಹಣ ಜನರ ಕೈಯಲ್ಲಿಲ್ಲ. ಒಡೆಯ ಎನ್ರಿಕೊ ಪಿಯಾಜಿಯೊ ತನ್ನ ವಿಮಾನ ಎಂಜಿನಿಯರ್ ಕೊರಾಡಿನೊ ದಾಸ್ಕಾನಿಯೊನನ್ನು ಕರೆದು, ಅಗ್ಗದ ಎರಡು ಚಕ್ರದ ಗಾಡಿಯೊಂದನ್ನು ಮಾಡಿಕೊಡು ಎಂದ.

ದಾಸ್ಕಾನಿಯೊ 1930ರಲ್ಲೇ ದಾಖಲೆ ಮುರಿದ ಹೆಲಿಕಾಪ್ಟರ್ ಕಟ್ಟಿದ್ದವನು. ಆದರೆ ಮೋಟಾರ್ ಸೈಕಲ್ ಎಂದರೆ ಅವನಿಗೆ ಸುತರಾಂ ಆಗುತ್ತಿರಲಿಲ್ಲ. ಕೂತರೆ ಸುಖವಿಲ್ಲ, ಬಟ್ಟೆ ಗಲೀಜಾಗುತ್ತದೆ, ಪಂಕ್ಚರ್ ಆದರಂತೂ ಚಕ್ರ ಬಿಚ್ಚುವುದೇ ಒಂದು ರಾಮಾಯಣ. ಮೋಟಾರ್ ಸೈಕಲ್ಲನ್ನು ದ್ವೇಷಿಸುವವನ ಕೈಗೆ ಆ ಕೆಲಸ ಹೋದದ್ದೇ ಒಳ್ಳೆಯದಾಯಿತು. ಎಂಜಿನ್ನನ್ನು ಹಿಂದಿನ ಚಕ್ರದ ಮಗ್ಗುಲಿಗೇ ತಂದು ಕೂರಿಸಿ ಚೈನನ್ನು ಕಿತ್ತೆಸೆದ. ವಿಮಾನದ ಮೈಯಲ್ಲಿ ಹೊರಗಿನ ತಗಡೇ ಭಾರ ಹೊರುವಂತೆ, ಇಲ್ಲಿಯೂ ತಗಡಿನ ಮೈಯೇ ಭಾರ ಹೊರಲಿ ಎಂದು ಒಳಗಿನ ಕೊಳವೆ ಚೌಕಟ್ಟನ್ನು ಬಿಟ್ಟುಬಿಟ್ಟ. ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಕವೆಯ ಬದಲು, ವಿಮಾನದ ಕಾಲಿನಲ್ಲಿರುವಂತೆ ಒಂದೇ ಬದಿಯ ತೋಳಿಗೆ ಸಿಕ್ಕಿಸಿದ. 1946ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹೋಯಿತು. ಗಾಡಿಯ ಹೆಸರು ವೆಸ್ಪಾ, ಇಟಾಲಿಯನ್ ಭಾಷೆಯಲ್ಲಿ ಕಣಜ. 1960ರ ದಶಕದಲ್ಲಿ ಬಜಾಜ್ ಕಂಪನಿ ಪರವಾನಗಿ ಪಡೆದು ಅದನ್ನೇ ನಮ್ಮಲ್ಲಿ ತಯಾರಿಸಿತು; ಪರವಾನಗಿ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂತು. ರಾಣಾ ಪ್ರತಾಪನ ಕುದುರೆಯ ಹೆಸರು, ಇಟಲಿಯ ಕಣಜದ ಮೈ, ಬಾಂಬರ್ ವಿಮಾನದ ಕಾಲು. ಮನೆಗೆ ಹೋಗುವಾಗ ಆ ಮುಂದಿನ ಚಕ್ರವನ್ನು ಒಮ್ಮೆ ಬಗ್ಗಿ ನೋಡಿ.

ಚಕ್ರದ ಮಾತು ಬಂತು, ಒಂದು ಸಣ್ಣ ಅಡ್ಡದಾರಿ. ಆ ಸ್ಕೂಟರಿನ ಹಿಂಬದಿಯಲ್ಲಿ ಇರುವ ಹೆಚ್ಚುವರಿ ಚಕ್ರಕ್ಕೆ ನಾವೆಲ್ಲ ಸ್ಟೆಪ್ನಿ ಎನ್ನುತ್ತೇವೆ. ಎಲ್ಲಿಂದ ಬಂತು ಈ ಪದ? ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲಾನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಬೀದಿ ಎಂಬುದೊಂದಿದೆ. ಅಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು 1904ರ ಸುಮಾರಿಗೆ, ಪಂಕ್ಚರಾದ ಚಕ್ರದ ಮೇಲೆಯೇ ಬಿಗಿಯಬಹುದಾದ ಟೈರುಸಹಿತ ಬಳೆಯೊಂದನ್ನು ಮಾರತೊಡಗಿದರು. ಅಲ್ಲಿಯವರೆಗೆ ಕಾರುಗಳಿಗೆ ಹೆಚ್ಚುವರಿ ಚಕ್ರವೆಂಬುದೇ ಇರಲಿಲ್ಲ. ಅಂಗಡಿ ಮುಚ್ಚಿಹೋಯಿತು, ಆ ಬಳೆಯೂ ಹೋಯಿತು, ಇಂಗ್ಲೆಂಡಿನಲ್ಲಿ ಇಂದು ಗ್ಯಾರೇಜಿಗೆ ಹೋಗಿ ಸ್ಟೆಪ್ನಿ ಎಂದರೆ ಮುಖ ಮುಖ ನೋಡುತ್ತಾರೆ. ಆದರೆ ಚಳ್ಳಕೆರೆಯ ಲಾರಿ ಕ್ಲೀನರನಿಗೆ ಆ ಬೀದಿಯ ಹೆಸರು ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತದೆ.

ನಾನು ಇವತ್ತು ಹೇಳಲು ಹೊರಟಿರುವುದು ಇಂಥವನ್ನೇ. ಕಾರು ಮತ್ತು ವಿಮಾನ ಎರಡನ್ನೂ ನಾವು ಬೇರೆ ಬೇರೆ ಜಾತಿಯ ಯಂತ್ರಗಳೆಂದು ತಿಳಿದಿದ್ದೇವೆ. ನನಗೆ ಅವು ದಾಯಾದಿಗಳಂತೆ ಕಾಣುತ್ತವೆ. ಪೆಟ್ರೋಲ್ ಎಂಜಿನ್ ಎಂಬ ಒಂದೇ ಮನೆಯಲ್ಲಿ ಹುಟ್ಟಿ, ಪಾಲಾಗಿ, ಒಬ್ಬ ನೆಲ ತೆಗೆದುಕೊಂಡ, ಇನ್ನೊಬ್ಬ ಆಕಾಶ. ಆದರೂ ಹಿತ್ತಲಿನ ಗೋಡೆಯ ಮೇಲಿನಿಂದ ಜರಡಿ, ಹಪ್ಪಳದ ಮಣೆ ಎರವಲು ಕೊಟ್ಟು ತರುವುದು ನಿಂತಿಲ್ಲ. ಆಗೊಮ್ಮೆ ಈಗೊಮ್ಮೆ ಒಬ್ಬನ ಮನೆಗೆ ಇನ್ನೊಬ್ಬ ಹೇಳದೆ ಕೇಳದೆ ನುಗ್ಗುವುದೂ ಉಂಟು, ಅದನ್ನು ಆಮೇಲೆ ಹೇಳುತ್ತೇನೆ.

ಯುದ್ಧದಲ್ಲಿ ಸೋತವರ ಮನೆಯಲ್ಲಿ ಈ ಎರವಲು ಜೋರಾಗಿತ್ತು. ಜರ್ಮನಿಯ ಮೆಸ್ಸರ್‌ಶ್ಮಿಟ್ ಎಂದರೆ ಯುದ್ಧವಿಮಾನಕ್ಕೆ ಇನ್ನೊಂದು ಹೆಸರು. ಸೋತ ಮೇಲೆ ವಿಮಾನ ಮಾಡಬಾರದು ಎಂದು ಗೆದ್ದವರ ಕಟ್ಟಪ್ಪಣೆ. ಕೈ ಕಟ್ಟಿ ಕೂತಿದ್ದ ಆ ಕಾರ್ಖಾನೆಗೆ ಫ್ರಿಟ್ಜ್ ಫೆಂಡ್ ಎಂಬ ಎಂಜಿನಿಯರ್ ಮೂರು ಚಕ್ರದ ಪುಟ್ಟ ಗಾಡಿಯೊಂದರ ನಕ್ಷೆ ಹಿಡಿದು ಬಂದ. ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗಾಗಿ ಆತ ಮೊದಲು ಮಾಡಿದ್ದ ಗಾಡಿಯದೇ ಬೆಳೆದ ರೂಪ ಅದು. 1953ರಲ್ಲಿ ಮೊದಲನೆಯದು, 1955ರಲ್ಲಿ ಕೆಆರ್ 200 ಎಂಬ ಸುಧಾರಿಸಿದ ಗಾಡಿ ಹೊರಬಂತು. ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರಬೇಕು, ತಲೆಯ ಮೇಲೆ ಫೈಟರ್ ವಿಮಾನದಂತೆ ಪಾರದರ್ಶಕ ಗುಮ್ಮಟ. ಒಳಗೆ ಹೋಗಬೇಕಾದರೆ ಬಾಗಿಲು ತೆಗೆಯುವುದಲ್ಲ, ಇಡೀ ಗುಮ್ಮಟವನ್ನೇ ಮಗ್ಗುಲಿಗೆ ಎತ್ತಬೇಕು. ಉಳಿದುಹೋಗಿದ್ದ ಯುದ್ಧವಿಮಾನಗಳ ಗುಮ್ಮಟಗಳನ್ನೇ ಇದಕ್ಕೆ ಹಾಕಿದರು ಎಂದು ಬಹಳ ಜನ ಹೇಳುತ್ತಾರೆ. ಅದು ಕಟ್ಟುಕಥೆ, ಇದಕ್ಕೆಂದೇ ಹೊಸದಾಗಿ ಮಾಡಿದ್ದು.

ಇದರ ನಿಜವಾದ ಸ್ವಾರಸ್ಯ ಬೇರೆಯೇ ಇದೆ. ಗೇರುಪೆಟ್ಟಿಗೆಯಲ್ಲಿ ರಿವರ್ಸ್ ಗೇರು ಇರಲಿಲ್ಲ. ಹಿಂದಕ್ಕೆ ಹೋಗಬೇಕಾದರೆ ಎಂಜಿನ್ ಆರಿಸಿ, ಕೀಲಿಯನ್ನು ಇನ್ನಷ್ಟು ಒಳಕ್ಕೆ ಒತ್ತಿ ಮತ್ತೆ ಚಾಲೂ ಮಾಡಬೇಕು. ಆಗ ಎಂಜಿನ್ನೇ ಉಲ್ಟಾ ತಿರುಗುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಎತ್ತ ತಿರುಗಿದರೂ ಒಂದೇ, ಅದಕ್ಕೆ ಪಕ್ಷಪಾತವಿಲ್ಲ. ಎಂಜಿನ್ ಉಲ್ಟಾ ತಿರುಗಿದರೆ ಆಗುವುದೇನು? ಮುಂದಕ್ಕೆ ಹೋಗಲು ಇರುವ ನಾಲ್ಕೂ ಗೇರುಗಳು ಹಿಂದಕ್ಕೂ ಸಿಗುತ್ತವೆ! ಗಂಟೆಗೆ 90 ಕಿಲೋಮೀಟರ್ ಮುಂದಕ್ಕೆ ಓಡುವ ಗಾಡಿ ಲೆಕ್ಕದ ಪ್ರಕಾರ ಅಷ್ಟೇ ವೇಗದಲ್ಲಿ ಹಿಂದಕ್ಕೂ ಓಡಬೇಕು. ಹಾಗೆ ಓಡಿಸಿ ನೋಡುವ ಧೈರ್ಯ ನನಗಂತೂ ಇಲ್ಲ. ಈ ನಾಲ್ಕು ರಿವರ್ಸ್ ಗೇರುಗಳನ್ನು ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತವೆ.

ಜಪಾನಿನಲ್ಲೂ ಇದೇ ಕಥೆ. ನಾಕಾಜಿಮಾ ಎಂಬ ವಿಮಾನ ಕಂಪನಿಯವರು ಯುದ್ಧದ ನಂತರ ಬಾಂಬರ್ ವಿಮಾನದ ಬಾಲದ ಚಕ್ರಗಳು ಗೋದಾಮಿನಲ್ಲಿ ಕೊಳೆಯುತ್ತಿದ್ದುದನ್ನು ನೋಡಿ, ಅವನ್ನೇ ಹಾಕಿ ರ‍್ಯಾಬಿಟ್ ಎಂಬ ಸ್ಕೂಟರ್ ಮಾಡಿದರು. ಇವತ್ತಿನ ಸುಬಾರು ಕಾರುಗಳು ಆ ವಂಶದವು. ಕಾರುಗಳ ಲಾಂಛನಗಳನ್ನು ನೋಡಿದರೆ, ಫೆರಾರಿ ಕಾರಿನ ಮೇಲೆ ಮುಂಗಾಲು ಎತ್ತಿ ನಿಂತ ಕುದುರೆ ಮೊದಲು ನಿಂತಿದ್ದದ್ದು ವಿಮಾನದ ಮೇಲೆ. ಮೊದಲ ಮಹಾಯುದ್ಧದಲ್ಲಿ ಮಡಿದ ಇಟಲಿಯ ಪೈಲಟ್ ಫ್ರಾಂಚೆಸ್ಕೊ ಬರಾಕಾನ ಗುರುತು ಅದು. ಅವನ ತಾಯಿ, 1923ರಲ್ಲಿ ಒಂದು ರೇಸು ಗೆದ್ದ ಎಂಜೊ ಫೆರಾರಿಯನ್ನು ಭೇಟಿಯಾಗಿ, ನನ್ನ ಮಗನ ಕುದುರೆಯನ್ನು ನಿನ್ನ ಕಾರಿಗೆ ಹಾಕಿಕೋ, ಒಳ್ಳೆಯದಾಗುತ್ತದೆ ಎಂದರು. ಬಿಎಂಡಬ್ಲ್ಯೂ ಲಾಂಛನವನ್ನು ಮಾತ್ರ ಎಲ್ಲರೂ ತಿರುಗುವ ಪ್ರೊಪೆಲ್ಲರ್ ಎಂದುಕೊಂಡಿದ್ದಾರೆ, ಅದು ತಪ್ಪು. ಆ ನೀಲಿ ಬಿಳುಪು ಬವೇರಿಯಾ ಪ್ರಾಂತ್ಯದ ಬಣ್ಣಗಳು. ಲಾಂಛನ 1917ರದು, ಪ್ರೊಪೆಲ್ಲರಿನ ಕಥೆ ಹುಟ್ಟಿದ್ದು 1929ರ ಒಂದು ಜಾಹೀರಾತಿನಿಂದ. ಆದರೆ ಆ ಕಂಪನಿ ಶುರುವಾದದ್ದು ವಿಮಾನದ ಎಂಜಿನ್ ಮಾಡುತ್ತಲೇ, ಹಾಗಾಗಿ ಸುಳ್ಳೂ ತೀರಾ ದೂರದ್ದಲ್ಲ.

ಇವೆಲ್ಲಕ್ಕಿಂತ ದೊಡ್ಡ ಎರವಲು ನೀವು ಕಾರಿನಲ್ಲಿ ದಿನವೂ ಎದೆಯ ಮೇಲೆ ಎಳೆದುಕೊಳ್ಳುವ ಸೀಟ್ ಬೆಲ್ಟು. ನಿಲ್ಸ್ ಬೊಹ್ಲಿನ್ ಎಂಬಾತ ಸ್ವೀಡನ್ನಿನ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಇಜೆಕ್ಷನ್ ಸೀಟಿನ ಕೆಲಸ ಮಾಡುತ್ತಿದ್ದ. ಅಂದರೆ ಅಪಾಯ ಬಂದಾಗ ಪೈಲಟನ್ನು ಕುರ್ಚಿಸಮೇತ ಹೊರಗೆ ಎಸೆಯುವ ಸೀಟು. 1958ರಲ್ಲಿ ವೋಲ್ವೊ ಕಾರು ಕಂಪನಿ ಅವನನ್ನು ಕರೆಸಿಕೊಂಡಿತು. ಮನುಷ್ಯನನ್ನು ಹೊರಗೆ ಎಸೆಯುವುದು ಹೇಗೆಂದು ಗೊತ್ತಿದ್ದವನಿಗೆ ಈಗ ಒಳಗೆ ಹಿಡಿದಿಡುವ ಕೆಲಸ. ಪೈಲಟ್‌ಗಳಾದರೆ ಜೀವ ಉಳಿಯುತ್ತದೆ ಎಂದರೆ ಏನು ಹಾಕಿದರೂ ಹಾಕಿಸಿಕೊಳ್ಳುತ್ತಾರೆ, ಕಾರಿನ ಜನ ಒಂದು ನಿಮಿಷದ ಇರುಸುಮುರುಸನ್ನೂ ಸಹಿಸುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಆದ್ದರಿಂದ ಒಂದೇ ಕೈಯಲ್ಲಿ ಸಿಕ್ಕಿಸಬಹುದಾದ, ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ಮಾಡಿದ. ವೋಲ್ವೊ ಆ ಪೇಟೆಂಟನ್ನು ಬಚ್ಚಿಡದೆ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದಿತು. ಕಾರುಗಳ ಚರಿತ್ರೆಯಲ್ಲಿ ನಾನು ಮನಸಾರೆ ತಲೆಬಾಗುವ ಪ್ರಸಂಗಗಳು ಬಹಳ ಇಲ್ಲ, ಇದೊಂದಕ್ಕೆ ಬಾಗುತ್ತೇನೆ.

ಈ ದಾಯಾದಿತನ ಬೆಂಗಳೂರಿನಲ್ಲೂ ನಡೆದಿದೆ. ಕಾರು ಮಾಡಲು ಹೊರಟು ವಿಮಾನ ಸಿಕ್ಕಿದ ಕಥೆ ಅದು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ನಮ್ಮ ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕೆಂಬ ಹಂಬಲ ಹತ್ತಿತು. ಯೋಜನೆ ಬರೆದರು, ಹೊರದೇಶದ ಕಾರ್ಖಾನೆಗಳನ್ನು ನೋಡಿ ಬಂದರು, ಬಂಡವಾಳಗಾರರನ್ನು ಸೇರಿಸಿದರು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಆ ಕನಸಿನ ಜೊತೆ ನಿಂತಿದ್ದವರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಒಬ್ಬರು. 1939ರಲ್ಲಿ ಕಾರಿನ ವ್ಯವಹಾರಕ್ಕೆಂದು ಅಮೆರಿಕಕ್ಕೆ ಹೋಗಿದ್ದ ಅವರಿಗೆ ವಿಮಾನ ಪ್ರಯಾಣದಲ್ಲಿ ವಿಲಿಯಂ ಪಾಲಿ ಎಂಬಾತನ ಪರಿಚಯವಾಯಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕನ್ ಆತ. ಮಾತಿಗೆ ಮಾತು ಬೆಳೆಯಿತು. ಕಾರು ಮಾಡಲು ಬಿಡದ ಸರ್ಕಾರಕ್ಕೆ ಯುದ್ಧ ಬಂದ ಮೇಲೆ ವಿಮಾನ ಬೇಕಾಗಿತ್ತು. ಮೈಸೂರು ಸಂಸ್ಥಾನ ಜಾಗ ಕೊಟ್ಟು, ಹಣ ಹಾಕಿ ಪಾಲುದಾರನಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅದೇ ಮುಂದೆ ನಮ್ಮ ಎಚ್‌ಎಎಲ್ ಆದದ್ದು.

ವಾಲ್‌ಚಂದರಿಗೆ ಕಾರು ಸಿಕ್ಕಿತೇ? ಸಿಕ್ಕಿತು, 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುವಾಯಿತು, ಮುಂದೆ ಪದ್ಮಿನಿ ಕಾರು ಬಂದದ್ದು ಅಲ್ಲಿಂದಲೇ. ಇತ್ತ ವಿಮಾನದ ಕಾರ್ಖಾನೆ ಏನು ಮಾಡುತ್ತಿತ್ತು ಗೊತ್ತೇ? ಯುದ್ಧ ಮುಗಿದು ಕೆಲಸ ಕಡಿಮೆಯಾದಾಗ ಬಸ್ಸುಗಳಿಗೆ ಬಾಡಿ ಕಟ್ಟಿತು, ರೈಲಿಗೆ ಉಕ್ಕಿನ ಬೋಗಿ ಮಾಡಿತು! ಆ ಬೋಗಿಯ ವಿಭಾಗವೇ 1960ರ ದಶಕದಲ್ಲಿ ಹೊಸದಾಗಿ ಹುಟ್ಟಿದ ಬಿಇಎಂಎಲ್‌ಗೆ ಸೇರಿತು. ನಮ್ಮ ಮೆಟ್ರೊದ ಮೊದಲ ಹಂತದ ಬೋಗಿಗಳನ್ನು ಮಾಡಿದ್ದು ಬಿಇಎಂಎಲ್. ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತುವವರು, ಆಗದೇ ಹೋದ ಒಂದು ಕಾರು ಕಾರ್ಖಾನೆಯ ಮೊಮ್ಮಗಳ ಮಡಿಲಲ್ಲಿ ಕೂರುತ್ತಾರೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅರ್ಧ ಜನ ನಂಬುತ್ತಿರಲಿಲ್ಲ.

ಇನ್ನು ಎಣ್ಣೆಯ ವಿಚಾರ. ದಾರಿಯ ನಡುವೆ ಪೆಟ್ರೋಲ್ ಮುಗಿದ ಅನುಭವ ಇಲ್ಲಿರುವ ಎಲ್ಲರಿಗೂ ಇದೆ. ಅದರ ಮೊದಲ ಅನುಭವಸ್ಥೆ ಬರ್ತಾ ಬೆಂಜ್. ಗಂಡ ಕಾರ್ಲ್ ಬೆಂಜ್ 1886ರಲ್ಲೇ ಕಾರಿಗೆ ಪೇಟೆಂಟ್ ಪಡೆದಿದ್ದ, ಕೊಳ್ಳುವವರಿರಲಿಲ್ಲ. 1888ರ ಆಗಸ್ಟ್‌ನಲ್ಲಿ ಒಂದು ಬೆಳಗಿನ ಜಾವ ಬರ್ತಾ ಗಂಡನಿಗೆ ತಿಳಿಸದೆ, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಆ ಮೂರು ಚಕ್ರದ ಗಾಡಿಯಲ್ಲಿ ಹೊರಟಳು. ಎಲ್ಲಿಗೆ? ತವರಿಗೆ. ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಪ್ರಪಂಚದ ಮೊದಲ ದೂರದ ಕಾರು ಪ್ರಯಾಣ ಒಬ್ಬ ಹೆಂಗಸು ತವರಿಗೆ ಹೋದದ್ದು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಪೆಟ್ರೋಲ್ ಬಂಕ್ ಎಂಬುದು ಆಗ ಎಲ್ಲೂ ಇಲ್ಲ. ಎಂಜಿನ್ನಿಗೆ ಬೇಕಾದ ಲಿಗ್ರೊಯಿನ್ ಎಂಬ ದ್ರವ ಸಿಗುತ್ತಿದ್ದದ್ದು ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು. ವೀಸ್‌ಲೊಖ್ ಎಂಬ ಊರಿನ ಔಷಧದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೇಳಿದಳು. ಒಂದು ಕಲೆ ತೆಗೆಯಲು ಇಷ್ಟೊಂದು ಯಾಕೆಂದು ಅಂಗಡಿಯವನಿಗೆ ಅನ್ನಿಸಿರಬೇಕು. ಆ ಅಂಗಡಿಯೇ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಆ ಊರಿನವರು ಇಂದಿಗೂ ಹೆಮ್ಮೆಪಡುತ್ತಾರೆ. ದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಮರದ ಬ್ರೇಕು ಸವೆದಾಗ ಚಮ್ಮಾರನ ಬಳಿ ಹೋಗಿ ಅದಕ್ಕೆ ಚರ್ಮ ಹೊಡೆಸಿದಳು. ಇಂದು ಮೆಕ್ಯಾನಿಕ್ ಬಳಿ ನಾವು ಬದಲಾಯಿಸಿಕೊಳ್ಳುವ ಬ್ರೇಕ್ ಲೈನರ್ ಹುಟ್ಟಿದ್ದು ಹಾಗೆ. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು.

ಅದರ ನಂತರ ಸುಮಾರು ನೂರು ವರ್ಷ ಕಳೆದ ಮೇಲೆ, 1986ರಲ್ಲಿ, ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ಎಂಜಿನಿಯರ್ ಕಚೇರಿಯ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿ, ಟ್ಯಾಂಕಿನ ಮುಚ್ಚಳ ಯಾವ ಬದಿಗಿದೆ ಎಂದು ತಿಳಿಯದೆ ಮಳೆಯಲ್ಲಿ ತೊಯ್ದು ತೊಪ್ಪೆಯಾದ. ಕಚೇರಿಗೆ ಮರಳಿ ಒಂದು ಟಿಪ್ಪಣಿ ಬರೆದ. ನಿಮ್ಮ ಕಾರಿನಲ್ಲಿ ಪೆಟ್ರೋಲ್ ಬಂಕಿನ ಚಿತ್ರದ ಪಕ್ಕ ಒಂದು ಪುಟ್ಟ ಬಾಣವಿದೆ, ನೋಡಿದ್ದೀರಾ? ಅದು ತೋರುವ ಬದಿಯಲ್ಲೇ ಮುಚ್ಚಳ. ಇದುವರೆಗೆ ನೋಡಿರದವರು ಕೈ ಎತ್ತಿ. ಅಬ್ಬಾ, ಇಷ್ಟೊಂದು ಜನವೇ!

ಸರಿ, ಈಗ ಒಬ್ಬ ದಾಯಾದಿಯ ಮನೆಗೆ ಇನ್ನೊಬ್ಬ ನುಗ್ಗಿದ ಕಥೆ. ನನ್ನ ಅಜ್ಜಿಯ ಮನೆಯಲ್ಲಿ ಎರಡು ಸೇರುಗಳಿದ್ದವು: ರಾಗಿ ಅಳೆಯುವ ಸೇರು ಬೇರೆ, ಬೆಲ್ಲ ತೂಗುವ ಸೇರು ಬೇರೆ. ಎರಡಕ್ಕೂ ಹೆಸರು ಒಂದೇ. ಇಂಥ ಗೊಂದಲ ಬೇಡವೆಂದೇ ನಮ್ಮಲ್ಲಿ 1956ರಲ್ಲಿ ಕಾನೂನು ಬಂದು ಲೀಟರು, ಕಿಲೋಗ್ರಾಮು ಒಳಗೆ ಬಂದವು. ಕೆನಡಾದವರು ಈ ಕೆಲಸಕ್ಕೆ ಕೈ ಹಾಕಿದ್ದು ಇನ್ನೂ ತಡವಾಗಿ. 1983ರಲ್ಲಿ ಏರ್ ಕೆನಡಾದ ಹಳೆಯ ವಿಮಾನಗಳು ಪೌಂಡಿನಲ್ಲಿ ಎಣ್ಣೆ ಎಣಿಸುತ್ತಿದ್ದವು, ಹೊಸದಾಗಿ ಬಂದ ಬೋಯಿಂಗ್ 767 ಕಿಲೋಗ್ರಾಮಿನಲ್ಲಿ.

ಆ ವರ್ಷದ ಜುಲೈ 23ರಂದು ಮಾಂಟ್ರಿಯಲ್‌ನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟ 767ರಲ್ಲಿ ಎಣ್ಣೆಯ ಮಾಪಕ ಕೆಟ್ಟಿತ್ತು. ನಮ್ಮ ಲಾರಿ ಚಾಲಕರು ಟ್ಯಾಂಕಿಗೆ ಕಡ್ಡಿ ಅದ್ದಿ ಡೀಸೆಲ್ ನೋಡುವಂತೆ, ಅಲ್ಲಿಯೂ ಅಳತೆ ಕಡ್ಡಿಯಿಂದ ನೋಡಿದರು. 7,682 ಲೀಟರ್ ಇತ್ತು. ಬೇಕಾದದ್ದು 22,300 ಕಿಲೋಗ್ರಾಂ. ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸಲು ಸುಮಾರು 0.8ರಿಂದ ಗುಣಿಸಬೇಕು. ಅವರು ಗುಣಿಸಿದ್ದು ಅಭ್ಯಾಸದ ಮೇಲೆ 1.77ರಿಂದ. ಅದು ಪೌಂಡಿನ ಲೆಕ್ಕ. 13,597 ಎಂದು ಉತ್ತರ ಬಂತು, ಪೌಂಡಾಗಿದ್ದ ಅದನ್ನು ಕಿಲೋಗ್ರಾಂ ಎಂದುಕೊಂಡರು. ಇನ್ನು 5,000 ಲೀಟರಿಗೂ ಕಡಿಮೆ ಹಾಕಿದರೆ ಸಾಕು ಎಂದು ಲೆಕ್ಕ ಹೇಳಿತು. ನಿಜವಾಗಿ ಹಾಕಬೇಕಾಗಿದ್ದದ್ದು 20,000 ಲೀಟರಿಗೂ ಹೆಚ್ಚು. ಆಟವಾದಲ್ಲಿ ಇನ್ನೊಮ್ಮೆ ಪರೀಕ್ಷಿಸಿದರು, ಅದೇ 1.77ರಿಂದ. ತಪ್ಪು ಲೆಕ್ಕವನ್ನು ಅದೇ ದಾರಿಯಲ್ಲಿ ಮತ್ತೆ ಮಾಡಿದರೆ ಅದೇ ಉತ್ತರ ಬರುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಣೆ ಮಾಡಿದವನು ನಾನು, ಇದನ್ನು ಬಹಳ ನೋಡಿದ್ದೇನೆ.

41,000 ಅಡಿ ಎತ್ತರದಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಮೊದಲು ಒಂದು ಎಂಜಿನ್ ನಿಂತಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಎಂಜಿನ್ ನಿಂತರೆ ವಿದ್ಯುತ್ತೂ ಇಲ್ಲ, ಮುಂದಿನ ಪರದೆಗಳು ಕಪ್ಪಾದವು. 61 ಪ್ರಯಾಣಿಕರು, 8 ಸಿಬ್ಬಂದಿ, ಒಂದು ಹನಿ ಎಣ್ಣೆಯಿಲ್ಲದ ದೊಡ್ಡ ವಿಮಾನ. ಆದರೆ ಅದೃಷ್ಟ ನೋಡಿ, ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಬಿಡುವಿನಲ್ಲಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ವಿಮಾನ, ಹಾರಿಸುವ ಹವ್ಯಾಸ. ಸಹ ಪೈಲಟ್‌ಗೆ ಹತ್ತಿರದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆ ಗೊತ್ತಿತ್ತು, ಹಿಂದೆ ಅಲ್ಲಿ ಸೇವೆಯಲ್ಲಿದ್ದವನು. ಆತನ ಹೆಸರು ಮಾರಿಸ್ ಕ್ವಿಂಟಾಲ್. ತೂಕದ ಗೊಂದಲದಿಂದ ಕೆಟ್ಟ ವಿಮಾನದಲ್ಲಿ ಕ್ವಿಂಟಾಲ್! ಕಥೆಗಾರ ಈ ಹೆಸರಿಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಕ್ವಿಂಟಾಲ್‌ಗೆ ಗೊತ್ತಿರದ ಒಂದು ವಿಷಯವಿತ್ತು. ಗಿಮ್ಲಿಯ ಆ ರನ್‌ವೇ ಅಷ್ಟು ಹೊತ್ತಿಗೆ ಕಾರುಗಳ ರೇಸಿನ ಪಟ್ಟಿಯಾಗಿತ್ತು. ಅಂದು ಶನಿವಾರ, ಕಾರು ಕ್ಲಬ್ಬಿನ ಸದಸ್ಯರು ಸಂಸಾರ ಸಮೇತ ಬಂದು, ರೇಸು ನಡೆಸಿ, ಡೇರೆ ಹೂಡಿ, ಊಟಕ್ಕೆ ಅಣಿಯಾಗುತ್ತಿದ್ದರು. ಎಂಜಿನ್ ನಿಂತ ವಿಮಾನಕ್ಕೆ ಸದ್ದೂ ಇಲ್ಲ. ಪಿಯರ್ಸನ್ ಎತ್ತರ ಕಳೆಯಲು ವಿಮಾನವನ್ನು ಗಾಳಿಗೆ ಅಡ್ಡವಾಗಿ ವಾಲಿಸಿ, ಗ್ಲೈಡರಿನಂತೆ ಜಾರಿಸಿ ತಂದು ಇಳಿಸಿದ. ರನ್‌ವೇ ಮೇಲೆ ಸೈಕಲ್ ತುಳಿಯುತ್ತಿದ್ದ ಇಬ್ಬರು ಹುಡುಗರು ತಿರುಗಿ ನೋಡಿ ಪೆಡಲು ತುಳಿದ ವೇಗ ಯಾವ ರೇಸಿನಲ್ಲೂ ದಾಖಲಾಗಿರಲಾರದು. ಸರಿಯಾಗಿ ಬಿಗಿಯಾಗದ ಮುಂದಿನ ಚಕ್ರ ಮಡಚಿತು, ಮೂಗು ನೆಲಕ್ಕೆ ಉಜ್ಜಿತು, ರೇಸಿನ ಪಟ್ಟಿಯ ನಡುವಿನ ಕಂಬಿಬೇಲಿಗೆ ತಾಗುತ್ತಾ ವಿಮಾನ ನಿಂತಿತು. ಮೂಗಿನಲ್ಲಿ ಎದ್ದ ಸಣ್ಣ ಬೆಂಕಿಯನ್ನು ಆರಿಸಿದವರು ಕಾರು ರೇಸಿನವರು, ತಮ್ಮ ಕಾರುಗಳಲ್ಲಿ ಇಟ್ಟುಕೊಂಡಿದ್ದ ಬೆಂಕಿ ಆರಿಸುವ ಸಿಲಿಂಡರುಗಳಿಂದ. ಯಾರ ಜೀವವೂ ಹೋಗಲಿಲ್ಲ. ಕೆಲವರಿಗೆ ತರಚುಗಾಯವಾದದ್ದೂ ಇಳಿಯುವ ಭರದಲ್ಲಿ. ವಿನಿಪೆಗ್‌ನಿಂದ ವಿಮಾನ ರಿಪೇರಿಗೆಂದು ಹೊರಟ ಮೆಕ್ಯಾನಿಕ್‌ಗಳ ವ್ಯಾನಿಗೂ ಕಾಡಿನ ನಡುವೆ ಪೆಟ್ರೋಲ್ ಮುಗಿದುಹೋಯಿತು ಎಂದು ಈ ಘಟನೆಯ ಬಗ್ಗೆ ಬರೆದವರು ಹೇಳುತ್ತಾರೆ. ಎರಡೇ ದಿನದಲ್ಲಿ ತಾತ್ಕಾಲಿಕ ರಿಪೇರಿಯಾಗಿ ಆ ವಿಮಾನ ಅಲ್ಲಿಂದ ಹಾರಿಹೋಯಿತು, 2008ರವರೆಗೆ ಸೇವೆಯಲ್ಲಿತ್ತು. ಹೆಸರು ಮಾತ್ರ ಗಿಮ್ಲಿ ಗ್ಲೈಡರ್ ಎಂದು ಉಳಿಯಿತು.

ಎಣ್ಣೆ ಮುಗಿಯದಂತೆ ನೋಡಿಕೊಂಡವರ ಕಥೆಯೂ ಒಂದಿದೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಹಾಸಿಯೆಂಡಾ ಎಂಬ ಹೋಟೆಲು, ಅದಕ್ಕೆ ಪ್ರಚಾರ ಬೇಕಿತ್ತು. ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬ ಇಬ್ಬರು ಸಣ್ಣ ಸೆಸ್ನಾ 172 ವಿಮಾನದಲ್ಲಿ 1958ರ ಡಿಸೆಂಬರ್ 4ರಂದು ಮೇಲೇರಿದರು. ಇಳಿದದ್ದು 1959ರ ಫೆಬ್ರವರಿ 7ರಂದು. ಲೆಕ್ಕ ಹಾಕಿ: 64 ದಿನ, 22 ಗಂಟೆ, 19 ನಿಮಿಷ. ಒಮ್ಮೆಯೂ ನೆಲ ಮುಟ್ಟಲಿಲ್ಲ.

ಹಾಗಾದರೆ ಎಣ್ಣೆ? ದಿನಕ್ಕೆ ಎರಡು ಸಲ ಮರುಭೂಮಿಯ ನೇರ ರಸ್ತೆಯೊಂದರಲ್ಲಿ ಎಣ್ಣೆಯ ಟ್ರಕ್ಕು ಓಡುತ್ತಿತ್ತು, ಅದರ ತಲೆಯ ಮೇಲೆ ಇಪ್ಪತ್ತು ಅಡಿ ಎತ್ತರದಲ್ಲಿ ಅದೇ ವೇಗದಲ್ಲಿ ವಿಮಾನ. ಮೇಲಿನವನು ಕೊಕ್ಕೆ ಇಳಿಬಿಟ್ಟು ಕೊಳವೆಯನ್ನು ಎಳೆದುಕೊಂಡರೆ ಕೆಳಗಿನವನು ಪಂಪು ಮಾಡುತ್ತಿದ್ದ. ಬಾವಿಯಿಂದ ನೀರು ಸೇದುವ ಕೆಲಸವೇ, ಬಾವಿ ಮಾತ್ರ ಓಡುತ್ತಿತ್ತು. ಊಟವೂ ಹೋಟೆಲಿನಿಂದಲೇ ಬರುತ್ತಿತ್ತು, ಸಣ್ಣಗೆ ಹೆಚ್ಚಿ ಥರ್ಮಾಸ್ ಫ್ಲಾಸ್ಕಿಗೆ ತುಂಬಿದ್ದು. ಸುಮಾರು 39ನೆಯ ದಿನ ಜನರೇಟರ್ ಕೈಕೊಟ್ಟಿತು. ಆಮೇಲೆ ಎಣ್ಣೆಯನ್ನು ಕೈಯಿಂದ ಪಂಪು ಮಾಡಿದರು. ಒಂದು ರಾತ್ರಿ ಹಾರಿಸುತ್ತಿದ್ದವನು ನಿದ್ದೆ ಹೋಗಿ, ಒಂದು ಗಂಟೆಗೂ ಮೀರಿ ವಿಮಾನ ತಾನೇ ಹಾರಿತು. ಕದ್ದು ಇಳಿದಿರಬಹುದು ಎಂದು ಯಾರೂ ಅನುಮಾನಿಸದಿರಲಿ ಎಂದು ಮೊದಲ ದಿನವೇ ಒಂದು ಉಪಾಯ ಮಾಡಿದ್ದರು: ಹೊರಟ ಮೇಲೆ ವಿಮಾನ ರನ್‌ವೇಗೆ ತೀರಾ ಹತ್ತಿರವಾಗಿ ಹಾರಿತು, ಕೆಳಗೆ ಕಾರೊಂದು ಜೊತೆಜೊತೆಗೆ ಓಡಿತು, ಕಾರಿನಲ್ಲಿದ್ದವರು ಕೈ ಚಾಚಿ ವಿಮಾನದ ಟೈರುಗಳಿಗೆ ಬಿಳಿ ಬಣ್ಣ ಬಳಿದರು. ನೆಲ ಮುಟ್ಟಿದರೆ ಬಣ್ಣ ಕೆಡುತ್ತದೆ. 64 ದಿನದ ನಂತರ ಬಣ್ಣ ಹಾಗೆಯೇ ಇತ್ತು. ಮನುಷ್ಯರು ಕೂತು ಹಾರಿಸಿದ ವಿಮಾನಗಳಲ್ಲಿ ಈ ದಾಖಲೆಯನ್ನು ಮುರಿಯಲು ಯಾರೂ ಹೋದಂತಿಲ್ಲ, ಹೋಗುವುದು ಬೇಡವೂ ಬೇಡ. ಆ ವಿಮಾನವನ್ನು ಈಗ ಲಾಸ್ ವೇಗಸ್ ವಿಮಾನ ನಿಲ್ದಾಣದಲ್ಲಿ, ಸಾಮಾನು ಪಡೆಯುವ ಜಾಗದ ಮೇಲೆ ತೂಗುಹಾಕಿದ್ದಾರೆ.

ಇಷ್ಟು ಹೇಳಿ ನಾನು ನೀರು ಕುಡಿಯಲು ಕೂತೆ. ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: ಚಾಲಕನಿಲ್ಲದ ಗಾಡಿ ತಾನೇ ಉರುಳಿ ಹೋಗಿ ಬೇಲಿಗೆ ನಿಂತದ್ದನ್ನು ನಮ್ಮ ಊರಿನಲ್ಲೇ ನೋಡಿದ್ದೇವೆ, ವಿಮಾನ ಹಾಗೆ ಇಳಿದದ್ದುಂಟೇ? ಉಂಟು. 1970ರ ಫೆಬ್ರವರಿ 2ರಂದು ಅಮೆರಿಕದ ಮೊಂಟಾನಾದಲ್ಲಿ ಎಫ್-106 ಎಂಬ ಯುದ್ಧವಿಮಾನ ತಿರುಗಣಿಯಂತೆ ಸುತ್ತುತ್ತಾ ಬೀಳತೊಡಗಿತು. ಪೈಲಟ್ ಗ್ಯಾರಿ ಫೌಸ್ಟ್ ಇಜೆಕ್ಷನ್ ಸೀಟಿನ ಸಹಾಯದಿಂದ ಹೊರಗೆ ಹಾರಿದ. ಆತ ಹೊರಬಿದ್ದ ಹೊಡೆತಕ್ಕೆ ವಿಮಾನ ಸುತ್ತುವುದನ್ನು ಬಿಟ್ಟು ನೆಟ್ಟಗಾಯಿತು! ನೀನು ಮತ್ತೆ ಒಳಗೆ ಹೋಗುವುದು ಒಳ್ಳೆಯದು ಎಂದು ಜೊತೆಯ ಪೈಲಟ್ ರೇಡಿಯೊದಲ್ಲಿ ತಮಾಷೆ ಮಾಡಿದನಂತೆ. ಪ್ಯಾರಾಶೂಟಿನಲ್ಲಿ ತೂಗುತ್ತಿದ್ದ ಫೌಸ್ಟ್ ನೋಡುತ್ತಿದ್ದಂತೆ ವಿಮಾನ ತನ್ನ ಪಾಡಿಗೆ ತೇಲಿಹೋಗಿ, ಹಿಮ ಮುಚ್ಚಿದ ಹೊಲವೊಂದರಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಎಂಜಿನ್ ಇನ್ನೂ ಓಡುತ್ತಿತ್ತು, ವಿಮಾನ ಹಿಮದಲ್ಲಿ ಇಷ್ಟಿಷ್ಟೇ ತೆವಳುತ್ತಿತ್ತು. ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ವಾಯುನೆಲೆಗೆ ಫೋನ್ ಮಾಡಿ ಏನು ಮಾಡಲಿ ಎಂದರೆ ಬಂದ ಸಲಹೆ: ಎಣ್ಣೆ ಮುಗಿಯುವ ತನಕ ಕಾಯಿರಿ. ಒಂದು ಮುಕ್ಕಾಲು ಗಂಟೆ ಕಾದರು. ಎಣ್ಣೆ ಮುಗಿದದ್ದರಿಂದ ಒಳ್ಳೆಯದಾದ ಪ್ರಸಂಗ ನನಗೆ ಗೊತ್ತಿರುವಂತೆ ಇದೊಂದೇ. ಆ ವಿಮಾನವೂ ರಿಪೇರಿಯಾಗಿ ಮತ್ತೆ ಹಾರಿತು, ವರ್ಷಗಳ ನಂತರ ಫೌಸ್ಟ್ ಅದನ್ನೇ ಮತ್ತೆ ಹಾರಿಸಿದ. ಈಗ ಒಹಾಯೊದ ಡೇಟನ್‌ನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿದೆ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿದ್ದ, ಏಳನೆಯ ತರಗತಿಯ ಹುಡುಗಿಯದು. ಸರ್, ವಿಮಾನಕ್ಕೆ ರಿವರ್ಸ್ ಗೇರು ಇದೆಯೇ?

ಇಲ್ಲಮ್ಮ. ಪ್ರಯಾಣಿಕರ ವಿಮಾನದ ಚಕ್ರಗಳಿಗೂ ಎಂಜಿನ್ನಿಗೂ ಸಂಬಂಧವೇ ಇಲ್ಲ. ಎಂಜಿನ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಚಕ್ರ ಸುಮ್ಮನೆ ಉರುಳುತ್ತದೆ ಅಷ್ಟೇ. ಇಳಿದಾಗ ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಏರ್ಪಾಡು ಇದೆ. ಅದನ್ನೇ ಬಳಸಿ ಅಮೆರಿಕದ ಕೆಲವು ಕಂಪನಿಗಳು 1980ರ ದಶಕದಲ್ಲಿ ವಿಮಾನವನ್ನು ಹಿಂದಕ್ಕೆ ಸರಿಸುತ್ತಿದ್ದದ್ದೂ ಉಂಟು. ಎಣ್ಣೆ ವಿಪರೀತ ಸುಡುತ್ತದೆ, ಕಸಕಡ್ಡಿ ಹಾರಿ ಎಂಜಿನ್ನಿನೊಳಗೆ ಹೋಗುವ ಭಯ ಬೇರೆ. ಹಾಗಾಗಿ ಈಗ ನಿಲ್ದಾಣದಲ್ಲಿ ವಿಮಾನ ಹಿಂದಕ್ಕೆ ಹೋಗಬೇಕಾದರೆ ಕುಳ್ಳನೆಯ ಟ್ರ್ಯಾಕ್ಟರ್ ಬಂದು ಮೂಗು ಹಿಡಿದು ತಳ್ಳುತ್ತದೆ.

ಹುಡುಗಿ ಕೂರಲಿಲ್ಲ. "ಆ ಮೂರು ಚಕ್ರದ ಕಾರಿಗೆ ನಾಲ್ಕು ಇದ್ದವಲ್ಲ ಸರ್, ವಿಮಾನದವರೇ ಮಾಡಿದ್ದು. ಅದರಲ್ಲಿ ಒಂದನ್ನಾದರೂ ವಿಮಾನಕ್ಕೆ ಇಟ್ಟುಕೊಳ್ಳಬಹುದಿತ್ತು" ಎಂದಳು.

ಸಭೆ ನಗುತ್ತಿರುವಾಗ ಹಿಂದಿನ ಸಾಲು ನೋಡಿದೆ. ಹಿರಿಯರ ಕುರ್ಚಿ ಖಾಲಿಯಿತ್ತು. ಕಿಟಕಿಯಿಂದ ಕಾಣುತ್ತಿದ್ದರು: ಸ್ಕೂಟರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಮುಂದಿನ ಚಕ್ರದ ಆ ಒಂದೇ ತೋಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.